ಹುಳಕ್ಕ ಸೂಟಿ ಇಲ್ಲ

ದಸರಾ ಸೂಟಿ ಬಿಡೂ ದಿನಾ ಹೂಗಾರ ಟೀಚರ್ ಅಂದ್ರಂತ:
ಸೂಟಿ ನಿಮಗ ಐತಿ, ಹುಳಕ್ಕಿಲ್ಲ.
ಚೀಟಿ ಎತ್ತಿದ್ರಂತ. ನಮ್ಮ ಶಾಕಂಬರಿ ಹೆಸರು ಬಂತಂತ.
ಚಾಕಲೇಟಿನ ಬರಣಿ ಎದಿಗೆ ಅವಚಿಕೊಂಡು
ಬೆಟಗೇರಿ ಸಂದಿಗುಂಟ ನಡಕೋತ ಬಂದ್ಲು,
ತುಂಬಿದ ಕೊಡಾ ತಂದಂಗ.

ಒಳಗ ಹಸರು ಹುಳಾ, ನನ್ನ ಕಿರಿಬೆರಳಿನಷ್ಟು.
ಬಾಲದ ಮ್ಯಾಲೆ ಸಣ್ಣ ಕೊಂಬು. ಹೆಗಲಿನ ಮ್ಯಾಲೆ
ಎರಡು ನೀಲಿ ಕಣ್ಣು.
ಅವು ಕಣ್ಣಲ್ಲವಂತ, ಬರೇ ಬೆದರಿಕಿ.
"ನಿಮ್ಮಪ್ಪನಂಗ," ಅಂದೆ. ನಕ್ಕಳು.

ತಿನ್ನೂದು ನಂದಿಬಟ್ಟಲ ಎಲಿ, ಮತ್ತೇನೂ ಬ್ಯಾಡ.
ಗಿಡಾ ಇರೂದು ಬಾಜೂಮನಿ ಸೋನವ್ವನ ಅಂಗಳದಾಗ.
ಆಕಿ ಹೂವಾ ಎಣಿಸಿ ದೇವರಿಗೆ ಏರಸಾಕಿ.
ಎಲಿ ಎಣಿಸಿದ್ದಿಲ್ಲ ಇಲ್ಲೀತನಾ.
ಮೂರನೇ ದಿನಕ್ಕ ಅವನ್ನೂ ಎಣಸಾಕ ಹತ್ತಿದ್ಲು.

ಶಾಕಂಬರಿ ವಹಿಯಾಗ ಸಾಲಿ ಕನ್ನಡದಾಗ ಬರದದ್ದು:
ದಿನ ಒಂದು. ಉದ್ದ ನಾಲ್ಕು ಸೆಂ.ಮೀ. ಹಿಕ್ಕೆ ಇಪ್ಪತ್ತೆರಡು.
ದಿನ ಎರಡು. ಉದ್ದ ಐದು. ಹಿಕ್ಕೆ ನಲವತ್ತು. ಆಯಿ ಬೈದಳು.
ದಿನ ನಾಲ್ಕು. ಉದ್ದ ಏಳು. ಹಿಕ್ಕೆ ಎಣಿಸಲು ಆಗಲಿಲ್ಲ.
ದಿನ ಐದು. ಬಣ್ಣ ಕಂದು. ಏನೂ ತಿನ್ನುತ್ತಿಲ್ಲ.

ಸಾಯಾಕ ಹತ್ತೇತಿ ಅಂದ್ರು ಇವರು, ಮಗ್ಗದ ಸಪ್ಪಳದಾಗ ಕೂಗಿ.
ನನಗ ಹಂಗ ಅನಿಸಲಿಲ್ಲ.
ದಿನಾ ತುಂಬಿದಾಕಿ ನಿದ್ದಿ ಬರಲಾರದ
ಮನಿತುಂಬ ಅಡ್ಡಾಡತಾಳಲ್ಲ, ಹಂಗ ತಿರಗತಿತ್ತು ಬರಣಿಯೊಳಗ.
ಸಂಜೀಕ ಬಾಯಿಗೆ ಕಟ್ಟಿದ ಅರಬಿ ಸಡ್ಲಾಗಿತ್ತು. ಬರಣಿ ಖಾಲಿ.

ಹುಡುಕೇ ಹುಡುಕಿದ್ವಿ. ಕಂಡಿಕಿ ಬುಟ್ಟಿ, ನೂಲಿನ ಗಂಟು,
ಒಲಿ ಹಿಂದ, ದೇವರ ಹಿಂದ.
ಶಾಕಂಬರಿ ಊಟಾ ಬಿಟ್ಲು.
ಟೀಚರಿಗೆ ಏನಂತ ಹೇಳ್ಲಿ ಅಂದ್ಲು.
ಮಲಗೂ ಮುಂದ ಇನ್ನೊಂದು ಕೇಳಿದ್ಲು:
"ಅವ್ವಾ, ನಮ್ಮ ರೇಷ್ಮಿ ನೂಲಿನ ಹುಳಾ ಎಲ್ಲೆ ಹೋದ್ವು?"
ಕಂಡಿಕಿ ಸುತ್ತೂ ಕೈ ನಿಲ್ಲಲಿಲ್ಲ ನಂದು.
ನೂಲು ಹರೀಲಿಲ್ಲ.
ಮಾತೂ ಬರಲಿಲ್ಲ.

ಬನ್ನಿ ಹಂಚಿದ್ವಿ, ಎಲಿಗೆ ಬಂಗಾರ ಅಂದ್ವಿ.
ಹುಳಾ ಮರತ್ವಿ ನಾವು ದೊಡ್ಡವರು.
ಆಕಿ ಮಾತ್ರ ವಹಿಯಾಗ ದಿನಾ ಬರದ್ಲು:
ಇಲ್ಲ. ಇಲ್ಲ. ಇಲ್ಲ.

ಒಂದು ರಾತ್ರಿ ಲೈಟ್ ಹೋತು.
ಓಣಿ ತುಂಬ ಮಗ್ಗ ಒಮ್ಮೆಲೆ ಬಾಯಿ ಮುಚ್ಚಿದ್ವು.
ಆವಾಗ ಕೇಳಸ್ತು.
ಮಾವನವರು ಮೂವತ್ತು ವರ್ಷ ಕಾಲು ಇಳಿಬಿಟ್ಟು ನೇಯ್ದ ಕುಣಿಯೊಳಗ,
ಈಗ ಚಿಂದಿ, ಕಸಾ ತುಂಬೇವಲ್ಲ, ಅದರಾಗ
ಏನೋ ಪರಪರ ಅಂತು.
ಇಲಿ, ಅಂದೆ.
ಇವರು ಮೊಬೈಲ್ ಬೆಳಕು ಬಿಟ್ರು.

ಕುಣಿ ಗ್ವಾಡಿ ಹಿಡಕೊಂಡು ಏರಿ ಬಂದಿತ್ತು.
ಹಸೀ ಮುದ್ದಿ ಆಗಿದ್ದ ರೆಕ್ಕಿ
ನೋಡನೋಡತಾ ಬಿಚ್ಚಕೋತ ಹೋತು,
ಘಳಿಗಿ ಮುರದ ಸೀರಿಯಂಗ.
ಎಲಿ ಹಸರು, ಅದರಾಗ ಕಡು ಹಸರು, ನಡುವ ಒಂದೀಟು ಗುಲಾಬಿ.
ಇವರು ಕುಣಿ ದಂಡಿಗೆ ಕುಂತುಬಿಟ್ರು, ಅವರಪ್ಪ ಕುಂತಂಗ.
"ಈ ಹಸರಿಗೆ ಈ ಗುಲಾಬಿ ಹಾಕೂ ಧೈರ್ಯ
ನನಗ ಆಗಿದ್ದಿಲ್ಲ ನೋಡು," ಅಂದ್ರು.

ಲೈಟ್ ಬಂತು. ಓಣಿಯಾಗ ಮಗ್ಗ ಸುರು ಆದ್ವು.
ನಮ್ಮ ಮಗ್ಗದ ಸ್ವಿಚ್ಚಿನ ಮ್ಯಾಲೆ ಇವರ ಕೈ. ಒತ್ತಲಿಲ್ಲ.
ಬಲ್ಬೂ ಆರಿಸಿ, ಹಿತ್ತಲ ಬಾಗಲಾ ತಗದಿಟ್ರು.

ಶಾಕಂಬರಿನ್ನ ಎತಗೊಂಡು ಬಂದೆ. ಕಣ್ಣು ತೆರದ್ಲು,
"ನಂದು," ಅಂದ್ಲು,
ಹೆಗಲ ಮ್ಯಾಲೆ ಮತ್ತ ನಿದ್ದಿ ಹೋದ್ಲು.

ಮುಂಜಾನೆ ಏನೂ ನೆನಪಿಲ್ಲ ಆಕಿಗೆ.
ಸುಳ್ಳು ಹೇಳ್ತೀರಿ ಅಂತ ಅಳಾಕ ನಿಂತ್ಲು.
ಆವಾಗ ಇವರು ವಹಿ ತಗದು ತೋರಿಸಿದ್ರು.
ನಾಕನೇತ್ತೆಗೇ ಸಾಲಿ ಬಿಟ್ಟಾವ್ರು,
ನೂಲಿನ ಲೆಕ್ಕಾ ಬಿಟ್ಟು ಬ್ಯಾರೆ ಬರದಾವ್ರಲ್ಲ:

ದಿನ ಹದಿನೇಳು. ರಾತ್ರಿ ಒಂದೂವರಿ. ಹುಳ ಬಂತು.
ಅಗಲ ಆರು ಬೆರಳು. ಒಡಲು ಹಸರು, ಗುಲಾಬಿ ಎಳಿ.
ರೆಕೆ ಒಣಗಾಕ ಒಂದು ತಾಸು.
ಹಾರಿತು ಮೂಡಲಕ್ಕ. ಮಗಳು ನೋಡಿದಳು.

ಸೂಟಿ ಮುಗದು, ವಹಿ ಸಾಲಿಗೆ ಹೋಗಿ ತಿರುಗಿ ಬಂತು.
ಹೂಗಾರ ಟೀಚರ್ ಕೆಂಪು ಶಾಯಿಲೆ
'ರೆಕೆ'ಗೆ ಒಂದು ಒತ್ತು ಹಾಕ್ಯಾರ.
ಬಾಜೂಕ: ಹತ್ತಕ್ಕ ಒಂಬತ್ತು.

ಆ ಒಂದು ಮಾರ್ಕು ಎಲ್ಲೆ ಹೋತಂತ
ಇವರು ಇನ್ನೂ ಕೇಳ್ತಾರ.